ಟೈಗರ್ ವುಡ್ಸ್‌ನನ್ನು ಜನರಲ್ ಮೋಟಾರ್ಸ್ ಬಿಟ್ಟದ್ದೇಕೆ? ಎರಡೂವರೆ ಗಂಟೆಯ ಹಣದ ಲೆಕ್ಕ

ನವೆಂಬರ್ 24, 2008ರ ಸೋಮವಾರ ಅಮೆರಿಕದಿಂದ ಬಂದ ಸುದ್ದಿ ಹಲವರನ್ನು ಗೊಂದಲಕ್ಕೆ ತಳ್ಳಿತು. ಜನರಲ್ ಮೋಟಾರ್ಸ್, ಅಂದರೆ ಜಿಎಂ, ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಜೊತೆಗಿನ ಪ್ರಚಾರ ಒಪ್ಪಂದವನ್ನು ಆ ಡಿಸೆಂಬರ್ 31ಕ್ಕೆ ಮುಗಿಸುವುದಾಗಿ ಹೇಳಿತು. ಒಪ್ಪಂದಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಒಂಬತ್ತು ವರ್ಷದಿಂದ ಟೈಗರ್ ಜಿಎಂನ ಬ್ಯೂಯಿಕ್ ಕಾರುಗಳ ಪ್ರಚಾರ ಮಾಡುತ್ತಿದ್ದರು.

ಗೊಂದಲ ಎಲ್ಲಿದೆ ಅಂದರೆ, ಕಾರು ಮಾರಾಟವಾಗದೆ ಒದ್ದಾಡುತ್ತಿದ್ದ ಕಂಪನಿಗೆ ಪ್ರಚಾರ ಆಗಲೇ ಜಾಸ್ತಿ ಬೇಕಿತ್ತಲ್ವಾ? ಜಗತ್ತಿನಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿದ್ದ ಆಟಗಾರರಲ್ಲಿ ಒಬ್ಬರನ್ನು ಆ ಹೊತ್ತಿನಲ್ಲಿ ಬಿಟ್ಟದ್ದು ಯಾಕೆ? ಇನ್ನೊಂದು ಕಡೆ, ಸಾವಿರಾರು ಕೋಟಿ ಡಾಲರ್ ನಷ್ಟದಲ್ಲಿದ್ದ ಕಂಪನಿಗೆ ಒಬ್ಬ ಆಟಗಾರನ ಸಂಭಾವನೆ ಉಳಿಸಿ ಏನು ಸಿಗುತ್ತದೆ? ಎರಡೂ ಸರಿಯಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಸಿಗಬೇಕಾದರೆ ಮೊದಲು ಲೆಕ್ಕ ನೋಡಬೇಕು.

ಲೆಕ್ಕ ಏನು ಹೇಳುತ್ತದೆ

ಒಪ್ಪಂದದ ಮೊತ್ತವನ್ನು ಇಬ್ಬರೂ ಬಹಿರಂಗ ಮಾಡಿಲ್ಲ. ಅಮೆರಿಕದ ಪತ್ರಿಕೆಗಳ ವರದಿ ಪ್ರಕಾರ ಅದು ವರ್ಷಕ್ಕೆ 70ರಿಂದ 80 ಲಕ್ಷ ಡಾಲರ್. ಒಂದು ಡಾಲರ್‌ಗೆ ಸುಮಾರು 50 ರೂಪಾಯಿ ಇದ್ದ ಆಗಿನ ದರದಲ್ಲಿ 35ರಿಂದ 40 ಕೋಟಿ ರೂಪಾಯಿ.

ಈಗ ಜಿಎಂ ಖಜಾನೆ ನೋಡೋಣ. ನವೆಂಬರ್ 7ರಂದು ಕಂಪನಿ ತನ್ನ ಮೂರನೇ ತ್ರೈಮಾಸಿಕದ ಲೆಕ್ಕ ಕೊಟ್ಟಿತು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಅದರ ಕೈಯಿಂದ ಹೋದ ನಗದು 690 ಕೋಟಿ ಡಾಲರ್. ಇದು ಪುಸ್ತಕದಲ್ಲಿ ಬರೆದ ನಷ್ಟ ಅಲ್ಲ, ಬ್ಯಾಂಕ್ ಖಾತೆಯಿಂದ ನಿಜವಾಗಿಯೂ ಖಾಲಿಯಾದ ದುಡ್ಡು. 92 ದಿನಕ್ಕೆ ಹಂಚಿದರೆ ದಿನಕ್ಕೆ ಏಳೂವರೆ ಕೋಟಿ ಡಾಲರ್. ಗಂಟೆಗೆ 31 ಲಕ್ಷ ಡಾಲರ್.

ಅಂದರೆ ಟೈಗರ್ ವುಡ್ಸ್‌ಗೆ ಒಂದು ಇಡೀ ವರ್ಷಕ್ಕೆ ಕೊಡುತ್ತಿದ್ದ ಹಣ ಜಿಎಂ ಖಜಾನೆಯಿಂದ ಎರಡೂವರೆ ಗಂಟೆಯಲ್ಲಿ ಹರಿದುಹೋಗುತ್ತಿತ್ತು. ಬೆಳಗ್ಗೆ ಕಚೇರಿಗೆ ಬಂದು ಮಧ್ಯಾಹ್ನ ಊಟಕ್ಕೆ ಏಳುವಷ್ಟರಲ್ಲಿ ಮುಗಿಯಿತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತಾರಲ್ಲ, ಈ ಉಳಿತಾಯ ಅಷ್ಟೇ.

ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕಬಹುದು. 2007ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಬ್ಯೂಯಿಕ್ ಕಾರುಗಳು ಸುಮಾರು 1.86 ಲಕ್ಷ. ಟೈಗರ್ ಸಂಭಾವನೆಯನ್ನು ಅಷ್ಟೂ ಕಾರುಗಳಿಗೆ ಹಂಚಿದರೆ ಒಂದು ಕಾರಿಗೆ ಬೀಳುವುದು ಸುಮಾರು 40 ಡಾಲರ್. ಅದೇ ಜಿಎಂ, ಕಾರ್ಮಿಕರ ಮತ್ತು ನಿವೃತ್ತರ ಆರೋಗ್ಯ ವೆಚ್ಚಕ್ಕೆ ಅಮೆರಿಕದಲ್ಲಿ ಮಾಡುವ ಪ್ರತಿ ವಾಹನದ ಮೇಲೆ ಸುಮಾರು 1,500 ಡಾಲರ್ ಖರ್ಚು ಮಾಡುತ್ತದೆ ಎಂಬುದು ಆಗ ಕೆಲವು ವರ್ಷಗಳಿಂದ ಎಲ್ಲರೂ ಹೇಳುತ್ತಿದ್ದ ಅಂಕಿ. ಕಾರಿನ ಬೆಲೆ ಏರಿಸಿ ಕಂಪನಿಯನ್ನು ಮುಳುಗಿಸಿದ್ದು 40 ಡಾಲರ್ ಅಲ್ಲ.

ಹಾಗಾದರೆ ಇದು ಹಣ ಉಳಿಸಲು ತೆಗೆದುಕೊಂಡ ನಿರ್ಧಾರ ಅನ್ನುವ ವಿವರಣೆ ಪೂರ್ತಿ ನಿಲ್ಲುವುದಿಲ್ಲ. ಬೇರೆ ಕಾರಣ ಇರಲೇಬೇಕು.

ಜಿಎಂ ಇಲ್ಲಿಗೆ ಬಂದದ್ದು ಹೇಗೆ

2008ರ ಸೆಪ್ಟೆಂಬರ್ 16ಕ್ಕೆ ಜಿಎಂಗೆ ನೂರು ವರ್ಷ ತುಂಬಿತು. 1908ರಲ್ಲಿ ಮಿಶಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ವಿಲಿಯಂ ಡ್ಯೂರಂಟ್ ಕಟ್ಟಿದ ಕಂಪನಿ ಇದು. ಕಟ್ಟಿದ್ದು ಬ್ಯೂಯಿಕ್ ಮೇಲೆ. ಮೊದಲು ಬ್ಯೂಯಿಕ್ ಇತ್ತು, ಅದರ ಲಾಭದಿಂದ ಜಿಎಂ ಹುಟ್ಟಿತು. 1931ರಿಂದ ಏಳು ದಶಕಕ್ಕೂ ಜಾಸ್ತಿ ಕಾಲ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಇದೇ ಆಗಿತ್ತು. 1960ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಎರಡು ಕಾರಿನಲ್ಲಿ ಒಂದು ಜಿಎಂನದ್ದಾಗಿತ್ತು. 2008ಕ್ಕೆ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಕುಸಿತ ಒಂದೇ ದಿನದ್ದಲ್ಲ. ಜಪಾನಿನ ಕಂಪನಿಗಳು ಸಣ್ಣ, ಗಟ್ಟಿ ಕಾರು ತಂದು ಮಾರುಕಟ್ಟೆ ಕಸಿದವು. ಜಿಎಂ ಲಾಭ ಕಂಡದ್ದು ದೊಡ್ಡ ಎಸ್‌ಯುವಿ ಮತ್ತು ಪಿಕಪ್ ಟ್ರಕ್‌ಗಳಲ್ಲಿ. 2007ರಲ್ಲಿ 3,870 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ಬಹುಪಾಲು ತೆರಿಗೆ ಲೆಕ್ಕದ ಹೊಂದಾಣಿಕೆ ನಿಜ, ಆದರೆ ಆ ಹೊಂದಾಣಿಕೆಗೂ ಒಂದು ಅರ್ಥವಿದೆ. ಮುಂದೆ ಬೇಗ ಲಾಭ ಬರುತ್ತದೆ ಎಂಬ ಭರವಸೆ ಲೆಕ್ಕಪತ್ರದ ಮಟ್ಟದಲ್ಲೇ ಹೋಯಿತು ಅಂತ.

ಆಮೇಲೆ 2008ರಲ್ಲಿ ಎರಡು ಏಟು ಬಿದ್ದವು. ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಅಮೆರಿಕದಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ದೊಡ್ಡ ಗಾಡಿಗಳನ್ನು ಕೇಳುವವರೇ ಇಲ್ಲವಾದರು. ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಸಾಲ ಸಿಗುವುದೇ ನಿಂತಿತು. ತೈಲದ ಬೆಲೆ ಮತ್ತೆ ಇಳಿಯಿತು, ಆದರೆ ಅಷ್ಟರಲ್ಲಿ ಕಾರು ಕೊಳ್ಳಲು ಜನರ ಕೈಯಲ್ಲಿ ಹಣವಿರಲಿಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಜಿಎಂ ಮಾರಾಟ ಹಿಂದಿನ ವರ್ಷದ ಅಕ್ಟೋಬರ್‌ಗಿಂತ ಶೇ. 45ರಷ್ಟು ಬಿತ್ತು. ಸೆಪ್ಟೆಂಬರ್ ಕೊನೆಗೆ ಕೈಯಲ್ಲಿದ್ದ ನಗದು 1,620 ಕೋಟಿ ಡಾಲರ್. ದಿನನಿತ್ಯದ ವ್ಯವಹಾರ ನಡೆಸಲು ಕನಿಷ್ಠ 1,100ರಿಂದ 1,400 ಕೋಟಿ ಬೇಕು ಅಂತ ಕಂಪನಿಯೇ ಹೇಳಿತ್ತು. ಅದೇ ವೇಗದಲ್ಲಿ ಹೋದರೆ ಕೆಲವೇ ವಾರಗಳಲ್ಲಿ ಸಂಬಳಕ್ಕೂ ಬಿಡಿಭಾಗದವರ ಬಾಕಿಗೂ ದುಡ್ಡಿರುತ್ತಿರಲಿಲ್ಲ.

ಅದಕ್ಕೇ ಜಿಎಂ, ಫೋರ್ಡ್, ಕ್ರೈಸ್ಲರ್ ಮೂವರೂ ಸರಕಾರದ ಬಾಗಿಲಿಗೆ ಹೋದದ್ದು.

ವಿಮಾನದಲ್ಲಿ ಬಂದು ಸಾಲ ಕೇಳಿದ ಕಥೆ

ನವೆಂಬರ್ 18 ಮತ್ತು 19ರಂದು ಮೂರೂ ಕಂಪನಿಗಳ ಮುಖ್ಯಸ್ಥರು ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ ಕೂತರು. ಕೇಳಿದ್ದು 2,500 ಕೋಟಿ ಡಾಲರ್ ಸಾಲ. ಆದರೆ ಮೂವರೂ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್‌ನಿಂದ ಬಂದದ್ದು ಕಂಪನಿಯ ಖಾಸಗಿ ಜೆಟ್ ವಿಮಾನಗಳಲ್ಲಿ, ಅದೂ ಬೇರೆ ಬೇರೆ ವಿಮಾನಗಳಲ್ಲಿ. ಇದು ಸಂಸದರ ಕಿವಿಗೆ ಬಿತ್ತು. ಆ ದಿನದ ವಿಚಾರಣೆಯಲ್ಲಿ ಕಾರಿನ ಗುಣಮಟ್ಟ, ಸಾಲದ ಬಡ್ಡಿ, ಕಾರ್ಮಿಕರ ಒಪ್ಪಂದ ಎಲ್ಲ ಹಿಂದಕ್ಕೆ ಸರಿದವು. ಊರಿಡೀ ಮಾತಾಡಿದ್ದು ವಿಮಾನದ ಬಗ್ಗೆ.

ಇದನ್ನು ಸುಮ್ನೆ ರಾಜಕೀಯ ನಾಟಕ ಅಂತ ತಳ್ಳಿಹಾಕುವುದು ತಪ್ಪಾಗುತ್ತದೆ. ಜನರ ಸಿಟ್ಟಿಗೆ ಹಿನ್ನೆಲೆ ಇತ್ತು. ಸೆಪ್ಟೆಂಬರ್ 16ರಂದು ಎಐಜಿ ವಿಮಾ ಕಂಪನಿಗೆ ಸರಕಾರದ ಕಡೆಯಿಂದ 8,500 ಕೋಟಿ ಡಾಲರ್ ಸಾಲ ಸಿಕ್ಕಿತು. ಅದಾದ ಒಂದೇ ವಾರಕ್ಕೆ ಅದರ ಒಂದು ಅಂಗಸಂಸ್ಥೆ ಕ್ಯಾಲಿಫೋರ್ನಿಯಾದ ಐಷಾರಾಮಿ ರೆಸಾರ್ಟ್ ಒಂದರಲ್ಲಿ ಸಮಾವೇಶ ಮಾಡಿತು. ಖರ್ಚು 4.4 ಲಕ್ಷ ಡಾಲರ್. ಅಕ್ಟೋಬರ್‌ನಲ್ಲಿ ಅದು ಬೆಳಕಿಗೆ ಬಂದಾಗ ಇಡೀ ದೇಶ ಕುದಿಯಿತು. ಮನೆ ಸಾಲ ಕಟ್ಟಲಾಗದೆ ಮನೆ ಕಳೆದುಕೊಳ್ಳುತ್ತಿದ್ದ ಜನ, ತಮ್ಮ ತೆರಿಗೆ ಹಣದಲ್ಲಿ ಬದುಕುಳಿದವರು ಮೋಜು ಮಾಡುತ್ತಿದ್ದಾರೆ ಅಂದುಕೊಂಡರೆ ಅದರಲ್ಲಿ ಏನು ತಪ್ಪಿದೆ?

ನವೆಂಬರ್ 20ರಂದು ಸಂಸತ್ತಿನ ನಾಯಕರು ಜಿಎಂ ಮತ್ತು ಉಳಿದಿಬ್ಬರಿಗೆ ಒಂದು ಗಡುವು ಕೊಟ್ಟರು. ಡಿಸೆಂಬರ್ 2ರ ಒಳಗೆ ಕಂಪನಿಯನ್ನು ಹೇಗೆ ಉಳಿಸುತ್ತೀರಿ ಎಂಬ ಯೋಜನೆ ತನ್ನಿ, ಆಮೇಲೆ ಹಣದ ಮಾತು. ಅದರ ಬೆನ್ನಿಗೇ ಜಿಎಂ ಬಾಡಿಗೆಗೆ ಪಡೆದಿದ್ದ ಎರಡು ವಿಮಾನ ಬಿಟ್ಟುಕೊಡುವುದಾಗಿ ಹೇಳಿತು. ಗಡುವು ಕೊಟ್ಟ ನಾಲ್ಕು ದಿನಕ್ಕೆ ಟೈಗರ್ ವುಡ್ಸ್ ಸುದ್ದಿ ಬಂತು.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ನಿರ್ಧಾರದ ಒಳಗುಟ್ಟು ಕಾಣುತ್ತದೆ. ನನ್ನ ಅಭಿಪ್ರಾಯ ಇದು. ಜಿಎಂ ತನ್ನ ಜಾಹೀರಾತನ್ನು ಯಾರಿಗೆ ತೋರಿಸಬೇಕು ಎಂಬುದೇ ಬದಲಾಗಿತ್ತು. ಒಂಬತ್ತು ವರ್ಷ ಅದು ಟಿವಿಯಲ್ಲಿ ಗಾಲ್ಫ್ ನೋಡುವವರಿಗೆ ಮಾತಾಡುತ್ತಿತ್ತು. ಆ ನವೆಂಬರ್‌ನಲ್ಲಿ ಅದು ಮಾತಾಡಬೇಕಾಗಿದ್ದದ್ದು ಸಂಸದರ ಜೊತೆ ಮತ್ತು ಅವರಿಗೆ ಮತ ಹಾಕುವ ತೆರಿಗೆದಾರರ ಜೊತೆ. ಮೊದಲನೆಯವರಿಗೆ ಟೈಗರ್‌ನ ಗಾಲ್ಫ್ ಕೋಲುಗಳ ಚೀಲದ ಮೇಲಿನ ಬ್ಯೂಯಿಕ್ ಹೆಸರು ಹೆಮ್ಮೆಯ ಗುರುತು. ಎರಡನೆಯವರಿಗೆ ಅದೇ ಹೆಸರು, ವರ್ಷಕ್ಕೆ 10 ಕೋಟಿ ಡಾಲರ್‌ಗೂ ಜಾಸ್ತಿ ದುಡಿಯುತ್ತಿದ್ದ ಆಟಗಾರನಿಗೆ ಸಾಲಗಾರ ಕಂಪನಿ ಕೊಡುತ್ತಿದ್ದ ದುಡ್ಡಿನ ಗುರುತು.

ಟೈಗರ್ ಸುದ್ದಿಯ ಹಿಂದಿನ ರಾತ್ರಿ ಸಿಟಿ ಗ್ರೂಪ್ ಬ್ಯಾಂಕ್‌ಗೆ ಸರಕಾರ ಎರಡನೇ ಸಲ ನೆರವು ಘೋಷಿಸಿತ್ತು. ಆ ಬ್ಯಾಂಕ್ ನ್ಯೂಯಾರ್ಕ್‌ನ ಹೊಸ ಬೇಸ್‌ಬಾಲ್ ಸ್ಟೇಡಿಯಂಗೆ ತನ್ನ ಹೆಸರಿಡಲು 20 ವರ್ಷಕ್ಕೆ 40 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರ ಅಂಗಿಯ ಮೇಲೆ ಆಗಲೂ ಎಐಜಿ ಹೆಸರಿತ್ತು. ಸರಕಾರದ ಹಣ ಒಳಗೆ ಬಂದ ಕೂಡಲೇ ಇಂಥ ಪ್ರತಿಯೊಂದು ಖರ್ಚೂ ವ್ಯಾಪಾರದ ಲೆಕ್ಕದಿಂದ ಸಾರ್ವಜನಿಕ ಲೆಕ್ಕಕ್ಕೆ ಬರುತ್ತದೆ. ಲಾಭ ತರುತ್ತದೋ ಇಲ್ಲವೋ ಎಂಬುದಕ್ಕಿಂತ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದು ದೊಡ್ಡದಾಗುತ್ತದೆ.

ಗಾಲ್ಫ್ ಚೀಲದ ಬೆಲೆ

ನಮ್ಮಲ್ಲಿ ಗಾಲ್ಫ್ ನೋಡುವವರು ಕಡಿಮೆ, ಹಾಗಾಗಿ ಒಂದು ಮಾತು. ಸಚಿನ್ ಬ್ಯಾಟಿನ ಮೇಲೆ ಎಂಆರ್‌ಎಫ್ ಸ್ಟಿಕ್ಕರ್ ಇರುತ್ತಿತ್ತಲ್ಲ, ಗಾಲ್ಫ್‌ನಲ್ಲಿ ಆ ಜಾಗ ಕೋಲುಗಳನ್ನು ತುಂಬಿಕೊಂಡ ದೊಡ್ಡ ಚೀಲದ್ದು. ಆಟಗಾರನ ಸಹಾಯಕ ಅದನ್ನು ಹೊತ್ತು ಜೊತೆಗೇ ನಡೆಯುತ್ತಾನೆ. ಒಂದು ಪಂದ್ಯಾವಳಿ ನಾಲ್ಕು ದಿನ. ಟೈಗರ್ ಆಡುವಾಗ ಕ್ಯಾಮೆರಾ ಅವರನ್ನು ಬಿಟ್ಟು ಕದಲುವುದಿಲ್ಲ. ಆ ಚೀಲದ ಮೇಲೆ ಬ್ಯೂಯಿಕ್ ಎಂಬ ಹೆಸರು ವರ್ಷಗಟ್ಟಲೆ ಕಂಡಿತು.

ಬ್ಯೂಯಿಕ್ ಮತ್ತು ಗಾಲ್ಫ್ ಸಂಬಂಧ ಟೈಗರ್‌ಗಿಂತ ಹಳೆಯದು. ಫ್ಲಿಂಟ್ ಪಕ್ಕದಲ್ಲಿ 1958ರಲ್ಲಿ ಬ್ಯೂಯಿಕ್ ಓಪನ್ ಶುರುವಾಯಿತು. ಸ್ಯಾನ್ ಡಿಯಾಗೋದ ಟೋರಿ ಪೈನ್ಸ್ ಮೈದಾನದಲ್ಲಿ ಬ್ಯೂಯಿಕ್ ಇನ್ವಿಟೇಶನಲ್ ನಡೆಯುತ್ತಿತ್ತು. 2005ರಿಂದ 2008ರವರೆಗೆ ನಾಲ್ಕು ವರ್ಷ ಸತತವಾಗಿ ಅದನ್ನು ಗೆದ್ದದ್ದು ಟೈಗರ್. 1999ರ ಕೊನೆಗೆ ಜಿಎಂ ಅವರ ಜೊತೆ ಸಹಿ ಹಾಕಿದಾಗ ಬ್ಯೂಯಿಕ್‌ಗೆ ಒಂದು ದೊಡ್ಡ ತಲೆನೋವಿತ್ತು. ಅದನ್ನು ಕೊಳ್ಳುವವರ ಸರಾಸರಿ ವಯಸ್ಸು 60ರ ಮೇಲೆ. ಅಜ್ಜನ ಕಾರು ಎಂಬ ಹೆಸರು ಅಂಟಿಕೊಂಡಿತ್ತು. 23 ವರ್ಷದ ಟೈಗರ್ ಬಂದರೆ ಹುಡುಗರೂ ಬರುತ್ತಾರೆ ಎಂಬುದು ಜಿಎಂ ಆಸೆ.

ಆ ಆಸೆ ಈಡೇರಲಿಲ್ಲ. 2000ದಲ್ಲಿ ಅಮೆರಿಕದಲ್ಲಿ 4 ಲಕ್ಷಕ್ಕೂ ಜಾಸ್ತಿ ಬ್ಯೂಯಿಕ್ ಮಾರಾಟವಾಗಿದ್ದವು. 2007ಕ್ಕೆ ಅದರ ಅರ್ಧವೂ ಇಲ್ಲ. ಆದರೆ ಟೈಗರ್‌ನಿಂದ ಮಾರಾಟ ಇಳಿಯಿತು ಅಂತ ತೀರ್ಮಾನಿಸುವುದು ಅನ್ಯಾಯ. ಈ ಅವಧಿಯಲ್ಲಿ ಜಿಎಂ ಬ್ಯೂಯಿಕ್‌ನ ಹಳೆಯ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿತು. ಸೆಂಚುರಿ, ರೀಗಲ್, ಲಸೇಬರ್, ಪಾರ್ಕ್ ಅವೆನ್ಯೂ ಎಲ್ಲ ಹೋದವು. 2008ರ ಕೊನೆಗೆ ಅಮೆರಿಕದ ಷೋರೂಮಿನಲ್ಲಿ ಉಳಿದಿದ್ದದ್ದು ಲಕ್ರಾಸ್, ಲೂಸರ್ನ್, ಎನ್‌ಕ್ಲೇವ್ ಮೂರೇ. ಮಾರಲು ಕಾರೇ ಕಡಿಮೆ ಇದ್ದರೆ ಮಾರಾಟ ಹೇಗೆ ಏರುತ್ತದೆ?

ಕಾರಿಗೂ ಚೆಂಡಿಗೂ ಇರುವ ವ್ಯತ್ಯಾಸ

ಇಲ್ಲಿ ಒಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಟೈಗರ್‌ನ ಇನ್ನೊಂದು ದೊಡ್ಡ ಒಪ್ಪಂದ ನೈಕಿಯದಾಗಿತ್ತು, 1996ರಿಂದ. ಆಗ ಗಾಲ್ಫ್‌ನಲ್ಲಿ ನೈಕಿಗೆ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. 2000ದಲ್ಲಿ ಟೈಗರ್ ನೈಕಿ ಚೆಂಡಿಗೆ ಬದಲಾಯಿಸಿದರು. ಆ ಚೆಂಡಿನಲ್ಲೇ ಗೆದ್ದರು. ನೋಡುವವನಿಗೆ ಪುರಾವೆ ಕಣ್ಣೆದುರೇ ಇದೆ. ಜಗತ್ತಿನ ಅತ್ಯುತ್ತಮ ಆಟಗಾರ ಈ ಚೆಂಡು ಹೊಡೆದು ಗೆಲ್ಲುತ್ತಾನೆ, ಬೆಲೆಯೂ ಕೈಗೆಟಕುತ್ತದೆ, ನಾನೂ ಒಂದು ಡಬ್ಬಿ ತರುತ್ತೇನೆ.

ಕಾರಿನ ವಿಷಯ ಹಾಗಲ್ಲ. ಟೈಗರ್ ಗೆಲ್ಲುವುದಕ್ಕೂ ಬ್ಯೂಯಿಕ್ ಚೆನ್ನಾಗಿ ಓಡುವುದಕ್ಕೂ ಸಂಬಂಧವಿಲ್ಲ. ಮೇಲಾಗಿ, ಇಷ್ಟು ಶ್ರೀಮಂತ ಮನುಷ್ಯ ನಿಜವಾಗಿಯೂ ದಿನಾ ಬ್ಯೂಯಿಕ್ ಓಡಿಸುತ್ತಾನಾ ಎಂಬ ಅನುಮಾನ ಮೊದಲ ದಿನದಿಂದ ಇತ್ತು. ಮುಖ ಗುರುತು ಸಿಗುತ್ತದೆ, ಮಾತು ನಂಬಿಕೆ ಹುಟ್ಟಿಸುವುದಿಲ್ಲ. 30 ಸಾವಿರ ಡಾಲರ್‌ನ ಕಾರು ಕೊಳ್ಳುವವನು ಅಕ್ಕಪಕ್ಕದವರನ್ನು ಕೇಳುತ್ತಾನೆ, ಓಡಿಸಿ ನೋಡುತ್ತಾನೆ, ಹಳೆಯದಾದ ಮೇಲೆ ಮಾರಿದರೆ ಎಷ್ಟು ಬರುತ್ತದೆ ಅಂತ ಯೋಚಿಸುತ್ತಾನೆ.

ಹಾಗಂತ ತಾರೆಯರಿಂದ ಕಾರು ಮಾರಾಟ ಆಗುವುದೇ ಇಲ್ಲ ಅಂತಲ್ಲ. ನಮ್ಮ ದೇಶದ ಅನುಭವವೇ ಇದೆ. 1998ರಲ್ಲಿ ಹ್ಯೂಂಡೈ ಸ್ಯಾಂಟ್ರೋ ಬಂದಾಗ ಆ ಕಂಪನಿಯ ಹೆಸರನ್ನು ಸರಿಯಾಗಿ ಉಚ್ಚರಿಸುವುದೂ ಇಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಶಾರುಖ್ ಖಾನ್ ಜಾಹೀರಾತಿನಲ್ಲಿ ಬಂದು ಅಪರಿಚಿತ ಕಂಪನಿಯನ್ನು ಮನೆಮನೆಗೆ ಪರಿಚಯಿಸಿದರು. ಆಮೇಲಿನ ಕೆಲಸ ಕಾರು ಮಾಡಿತು. 2001ರಲ್ಲಿ ಫಿಯೆಟ್ ಪಾಲಿಯೋಗೆ ಸಚಿನ್ ತೆಂಡೂಲ್ಕರ್ ಮುಖವಾದರು. ಅವರ ಹೆಸರಿನಲ್ಲೇ ವಿಶೇಷ ಆವೃತ್ತಿ ಬಂತು. ಆರಂಭದ ಉತ್ಸಾಹ ದೊಡ್ಡದಿತ್ತು, ಆದರೆ ಅದು ಉಳಿಯಲಿಲ್ಲ. ಸಚಿನ್‌ಗಿಂತ ದೊಡ್ಡ ಹೆಸರು ಈ ದೇಶದಲ್ಲಿ ಯಾವುದಿದೆ?

ನನಗೆ ಕಾಣುವ ವ್ಯತ್ಯಾಸ ಇಷ್ಟು. ಕಂಪನಿ ಯಾರಿಗೂ ಗೊತ್ತಿಲ್ಲದಿದ್ದರೆ ತಾರೆ ಅದನ್ನು ಗೊತ್ತು ಮಾಡಿಸಬಹುದು. ಕಂಪನಿ ಎಲ್ಲರಿಗೂ ಗೊತ್ತಿದ್ದು, ಅದರ ಮೇಲೆ ಅನುಮಾನವೂ ಇದ್ದರೆ, ತಾರೆಗೆ ಆ ಅನುಮಾನ ಅಳಿಸುವ ಶಕ್ತಿ ಇಲ್ಲ. ಬ್ಯೂಯಿಕ್ ಅಮೆರಿಕದಲ್ಲಿ ನೂರು ವರ್ಷದ ಹೆಸರು. ಅದಕ್ಕೆ ಪರಿಚಯ ಬೇಕಿರಲಿಲ್ಲ, ಕಾರಣ ಬೇಕಿತ್ತು. 2007ರಲ್ಲಿ ಎನ್‌ಕ್ಲೇವ್ ಬಂದಾಗ ಜನ ಷೋರೂಮಿಗೆ ಬಂದರು, ಯಾಕೆಂದರೆ ಕಾರು ಚೆನ್ನಾಗಿತ್ತು.

ಬಿಡಬಾರದಿತ್ತು ಅನ್ನುವವರ ವಾದ

ಜಾಹೀರಾತು ರಂಗದ ಹಲವರು ಇದನ್ನು ತಪ್ಪು ಹೆಜ್ಜೆ ಅಂದರು. ಅವರ ವಾದದಲ್ಲಿ ಹುರುಳಿದೆ. ಕಷ್ಟ ಕಾಲದಲ್ಲಿ ಪ್ರಚಾರ ನಿಲ್ಲಿಸಿದರೆ ಗಿರಾಕಿ ಮರೆಯುತ್ತಾನೆ. ಮತ್ತೆ ನೆನಪಿಸಲು ದುಪ್ಪಟ್ಟು ಖರ್ಚು. ಜಿಎಂ ಅಮೆರಿಕದಲ್ಲಿ ಪ್ರಚಾರಕ್ಕೇ ವರ್ಷಕ್ಕೆ 200 ಕೋಟಿ ಡಾಲರ್‌ಗೂ ಜಾಸ್ತಿ ಸುರಿದ ಕಂಪನಿ. ಅದರ ಎದುರು ಟೈಗರ್‌ಗೆ ಕೊಡುವುದು ಚಿಲ್ಲರೆ. ಅಷ್ಟು ಚಿಲ್ಲರೆಗೆ ಅಷ್ಟು ದೊಡ್ಡ ಮುಖ ಬೇರೆಲ್ಲೂ ಸಿಗುವುದಿಲ್ಲ. ಕಡಿತ ಮಾಡಲೇಬೇಕಿದ್ದರೆ ಬೇರೆ ಕಡೆ ಮಾಡಿ ಎಂಬುದು ಅವರ ಮಾತು. ಜಿಎಂ ಅದನ್ನೂ ಮಾಡುತ್ತಿತ್ತು. 2009ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯದ ವೇಳೆ ಜಾಹೀರಾತು ಕೊಡುವುದಿಲ್ಲ ಅಂತ ಆಗಲೇ ಹೇಳಿತ್ತು. ಆಸ್ಕರ್ ಸಮಾರಂಭದಿಂದಲೂ ಹಿಂದೆ ಸರಿದಿತ್ತು.

ಈ ವಾದದ ದುರ್ಬಲ ಜಾಗ ಎಲ್ಲಿದೆ ಅಂದರೆ, ಆಗಿನದ್ದು ಮಾಮೂಲಿ ಕಷ್ಟ ಕಾಲ ಆಗಿರಲಿಲ್ಲ. ಜಾಹೀರಾತು ಕೆಲಸ ಮಾಡಬೇಕಾದರೆ ಅದು ತಂದ ಗಿರಾಕಿ ಕಾರು ಕೊಳ್ಳುವ ಹಾಗಿರಬೇಕು. ಅಮೆರಿಕದಲ್ಲಿ ಕಾರು ಹೋಗುವುದು ಸಾಲದ ಮೇಲೆ. ಜಿಎಂ ಗಿರಾಕಿಗಳಿಗೆ ಸಾಲ ಕೊಡುತ್ತಿದ್ದ ಜಿಎಂಎಸಿ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದಿತು. ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುವವರಾ ಎಂದು ಅಳೆಯುವ ಅಂಕ, 700 ಇಲ್ಲದವರಿಗೆ ಸಾಲ ಇಲ್ಲ. ಟೈಗರ್ ಜಾಹೀರಾತು ನೋಡಿ ಒಬ್ಬ ಷೋರೂಮಿಗೆ ಬಂದ ಅಂತಿಟ್ಟುಕೊಳ್ಳಿ. ಕಾರು ಇಷ್ಟವಾಯಿತು. ಸ್ಕೋರ್ 680. ಡೀಲರ್ ಕೈ ಚೆಲ್ಲಿ ಕಳಿಸಬೇಕು.

ಎರಡನೆಯದು ಇನ್ನೂ ಆಳದ್ದು. ಆಗ ಜಿಎಂ ಷೋರೂಮಿಗೆ ಬರುತ್ತಿದ್ದವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ. ಈ ಕಂಪನಿ ಮುಂದಿನ ವರ್ಷ ಇರುತ್ತದಾ? ವಾರಂಟಿ ಯಾರು ನೋಡುತ್ತಾರೆ? ಬಿಡಿಭಾಗ ಸಿಗುತ್ತದಾ? ದಿವಾಳಿ ಕೋರ್ಟಿಗೆ ಹೋದರೆ ನಮ್ಮ ಕಾರು ಯಾರೂ ಕೊಳ್ಳುವುದಿಲ್ಲ ಅಂತ ಜಿಎಂ ತಾನೇ ಸಂಸತ್ತಿನಲ್ಲಿ ವಾದಿಸಿತ್ತು. ಆ ಭಯಕ್ಕೆ ಉತ್ತರ ಕೊಡಬಲ್ಲದ್ದು ಸರಕಾರದ ಸಾಲ ಮಾತ್ರ. ಗಾಲ್ಫ್ ಆಟಗಾರನಲ್ಲ. ಸಾಲ ಸಿಗಲು ಟೈಗರ್ ಒಪ್ಪಂದ ಅಡ್ಡಿಯಾಗುವ ಸಾಧ್ಯತೆ ಇದ್ದರೆ, ಅದನ್ನು ಬಿಡುವುದೇ ಆ ಹೊತ್ತಿನ ಅತ್ಯುತ್ತಮ ಜಾಹೀರಾತು.

ಹಾಗಾಗಿ ಬಿಟ್ಟದ್ದು ಸರಿ ಅಂತಲೇ ನನ್ನ ತೀರ್ಮಾನ. ಆದರೆ ಉಳಿತಾಯ ಎಂಬ ಕಾರಣಕ್ಕಲ್ಲ.

ಇಬ್ಬರೂ ಒಪ್ಪಿ ಬಿಟ್ಟರಾ?

ಜಿಎಂ ಮತ್ತು ಟೈಗರ್ ಇಬ್ಬರೂ ಇದು ಪರಸ್ಪರ ಒಪ್ಪಿಗೆ ಎಂದರು. ಮಾತುಕತೆ ಅದೇ ವರ್ಷ, ಸ್ವಲ್ಪ ಮುಂಚೆಯೇ ಶುರುವಾಗಿತ್ತು ಅಂತಲೂ ಹೇಳಿದರು. ಟೈಗರ್ ಕೊಟ್ಟ ಕಾರಣ ಕುಟುಂಬ. ಎರಡನೇ ಮಗು ಬರುವುದರಲ್ಲಿದೆ, ತನಗೆ ಸ್ವಂತ ಸಮಯ ಬೇಕು ಎಂದರು. ಇದನ್ನು ನಂಬದಿರಲು ಕಾರಣವಿಲ್ಲ. ಪ್ರಚಾರ ಒಪ್ಪಂದ ಅಂದರೆ ಶೂಟಿಂಗ್, ಡೀಲರ್‌ಗಳ ಭೇಟಿ, ಅತಿಥಿಗಳ ಜೊತೆ ಆಟ ಎಲ್ಲ ಇರುತ್ತದೆ. ದಿನಗಳನ್ನು ಕೊಡಲೇಬೇಕು.

ಮೊಣಕಾಲಿನ ವಿಷಯವೂ ಇತ್ತು. ಜೂನ್‌ನಲ್ಲಿ ಟೋರಿ ಪೈನ್ಸ್‌ನಲ್ಲೇ ನಡೆದ ಯುಎಸ್ ಓಪನ್ ಅನ್ನು ಟೈಗರ್ ಕುಂಟುತ್ತಲೇ ಗೆದ್ದರು. ನಿಗದಿತ ನಾಲ್ಕು ದಿನದ ಆಟ ಸಾಲದೆ ಐದನೇ ದಿನವೂ ಆಡಬೇಕಾಯಿತು. ಅದಾದ ಮೇಲೆ ಶಸ್ತ್ರಚಿಕಿತ್ಸೆ ಆಯಿತು, ಉಳಿದ ವರ್ಷವಿಡೀ ಆಟವಿರಲಿಲ್ಲ. ಅಂದರೆ ಐದು ತಿಂಗಳಿಂದ ಆ ಚೀಲ ಟಿವಿಯಲ್ಲಿ ಕಾಣಿಸಿಯೇ ಇರಲಿಲ್ಲ. ಜಿಎಂ ದೃಷ್ಟಿಯಿಂದ ಬಿಡಲು ಇದಕ್ಕಿಂತ ನೋವು ಕಡಿಮೆ ಇರುವ ಸಮಯ ಸಿಗುತ್ತಿರಲಿಲ್ಲ. ಟೈಗರ್ ದೃಷ್ಟಿಯಿಂದ, ದಿವಾಳಿ ಅಂಚಿನಲ್ಲಿದ್ದ ಕಂಪನಿಯ ಹೆಸರು ಹೊತ್ತು ಮರಳುವುದಕ್ಕಿಂತ ಹೊಸ ಹೆಸರಿನ ಜೊತೆ ಮರಳುವುದು ಮೇಲು. ಇಬ್ಬರ ಅನುಕೂಲವೂ ಒಂದೇ ಕಡೆ ಸೇರಿತು ಅಷ್ಟೇ.

ಮುಂದೆ ಏನಾಗಬಹುದು

ಟೈಗರ್‌ಗೆ ಇದರಿಂದ ದೊಡ್ಡ ಪೆಟ್ಟಿರಲಿಲ್ಲ. ನೈಕಿ, ಅಕ್ಸೆಂಚರ್, ಜಿಲೆಟ್, ಗೇಟೊರೇಡ್ ಎಲ್ಲ ಆಗ ಜೊತೆಗಿದ್ದವು. ಚೀಲದ ಮೇಲಿನ ಜಾಗಕ್ಕೆ ಬೇರೆ ಯಾರಾದರೂ ಬರುತ್ತಾರೆ ಅನ್ನಿಸುತ್ತಿತ್ತು.

ನಿಜವಾದ ಆತಂಕ ಇದ್ದದ್ದು ಅಮೆರಿಕದ ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳ ಸರಣಿಯಾದ ಪಿಜಿಎ ಟೂರ್‌ಗೆ. 2008ರ ಪಂದ್ಯಾವಳಿಗಳ ಹೆಸರು ನೋಡಿ. ಎರಡು ಬ್ಯೂಯಿಕ್, ಒಂದು ಕ್ರೈಸ್ಲರ್, ಮರ್ಸಿಡಿಸ್, ಹೋಂಡಾ, ಬಿಎಂಡಬ್ಲ್ಯು. ಉಳಿದವುಗಳಲ್ಲಿ ವಾಕೋವಿಯಾ, ಡಾಯ್ಚ್ ಬ್ಯಾಂಕ್, ಬಾರ್ಕ್ಲೇಸ್. ಕಾರು ಮತ್ತು ಬ್ಯಾಂಕ್, ಈ ಆರ್ಥಿಕ ಕುಸಿತದಲ್ಲಿ ಮೊದಲು ಏಟು ತಿಂದ ಎರಡು ಉದ್ಯಮಗಳ ಮೇಲೆ ಆಟ ಬಹುಮಟ್ಟಿಗೆ ನಿಂತಿತ್ತು. ವಾಕೋವಿಯಾ ಬ್ಯಾಂಕ್ ಆಗಲೇ ಇನ್ನೊಂದು ಬ್ಯಾಂಕ್ ವೆಲ್ಸ್ ಫಾರ್ಗೋ ಪಾಲಾಗುತ್ತಿತ್ತು. ಒಬ್ಬ ತೆರಿಗೆದಾರನ ಪ್ರಶ್ನೆಗೆ ಹೆದರಿ ಟೈಗರ್‌ನಂಥವನನ್ನೇ ಬಿಡಬೇಕಾಯಿತು ಅಂದರೆ, ಪಂದ್ಯಾವಳಿಯೊಂದಕ್ಕೆ ಲಕ್ಷಾಂತರ ಡಾಲರ್ ಕೊಡುವುದನ್ನು ಯಾವ ಕಂಪನಿ ಎಷ್ಟು ದಿನ ಸಮರ್ಥಿಸಿಕೊಳ್ಳುತ್ತದೆ?

ಇದರಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಫ್ಲಿಂಟ್ ಬಗ್ಗೆ. ಅಲ್ಲಿನ ಬ್ಯೂಯಿಕ್ ಸಿಟಿ ಕಾರ್ಖಾನೆ 1999ರಲ್ಲೇ ಮುಚ್ಚಿತು. ಟೈಗರ್ ಜೊತೆ ಸಹಿ ಆದದ್ದೂ ಅದೇ ವರ್ಷ. ಆ ಊರಿಗೆ ಬ್ಯೂಯಿಕ್ ಹೆಸರಲ್ಲಿ ಉಳಿದ ಒಂದು ಸಂಭ್ರಮ ಪಕ್ಕದ ಗ್ರ್ಯಾಂಡ್ ಬ್ಲಾಂಕ್‌ನಲ್ಲಿ ನಡೆಯುತ್ತಿದ್ದ ಬ್ಯೂಯಿಕ್ ಓಪನ್. ಟೈಗರ್ ಅಲ್ಲಿ 2002 ಮತ್ತು 2006ರಲ್ಲಿ ಗೆದ್ದಿದ್ದರು. ಪಂದ್ಯಾವಳಿ ನಿಲ್ಲಿಸುವ ಮಾತನ್ನು ಜಿಎಂ ಆಗ ಆಡಿರಲಿಲ್ಲ. ಆದರೆ ಇಂಥ ಸಮಯದಲ್ಲಿ ಅದು ಎಷ್ಟು ವರ್ಷ ಉಳಿಯುತ್ತದೆ ಎಂಬ ಭಯ ಅಲ್ಲಿನವರಿಗೆ ಇದ್ದೇ ಇತ್ತು.

ಬ್ಯೂಯಿಕ್ ಎಂಬ ಹೆಸರೇ ಉಳಿಯುತ್ತದಾ ಎಂಬುದು ಆಗಿನ ಇನ್ನೊಂದು ಪ್ರಶ್ನೆ. 2008ರಲ್ಲಿ ಅಮೆರಿಕದಲ್ಲಿ ಜಿಎಂಗೆ ಎಂಟು ಬ್ರಾಂಡ್‌ಗಳಿದ್ದವು. ಇಷ್ಟು ಮಾರುಕಟ್ಟೆಗೆ ಎಂಟು ಜಾಸ್ತಿ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. 2004ರಲ್ಲಿ ಓಲ್ಡ್ಸ್‌ಮೊಬೈಲ್ ಮುಚ್ಚಿದ ಉದಾಹರಣೆ ಇದೆ. ಆದರೆ ಬ್ಯೂಯಿಕ್‌ಗೆ ಒಂದು ಬಲ ಇತ್ತು. ಅದು ಚೀನಾ. 2007ರಲ್ಲಿ ಚೀನಾದಲ್ಲಿ 3.3 ಲಕ್ಷ ಬ್ಯೂಯಿಕ್ ಮಾರಾಟವಾದವು, ಅಮೆರಿಕಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಅದು ಅಜ್ಜನ ಕಾರಲ್ಲ, ಕಡೆಯ ಚಕ್ರವರ್ತಿ ಪು ಯಿ ಕಾಲದಿಂದ ಗೌರವದ ಕಾರು. ಟೈಗರ್ ತರಲಾಗದ ಗಿರಾಕಿಗಳು ಅಲ್ಲಿದ್ದರು. ಎಂಟರಲ್ಲಿ ಯಾವುದು ಹೋದರೂ ಬ್ಯೂಯಿಕ್ ಉಳಿಯುವ ಸಾಧ್ಯತೆ ಜಾಸ್ತಿ ಅಂತ ನನಗನ್ನಿಸಿತ್ತು.

ನಮಗೂ ಇದು ದೂರದ ಸುದ್ದಿ ಆಗಿರಲಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಜಿಎಂನ ತಾಂತ್ರಿಕ ಕೇಂದ್ರ ಇತ್ತು. ನಮ್ಮ ಹುಡುಗ ಹುಡುಗಿಯರು ಅಲ್ಲಿ ಎಂಜಿನಿಯರ್‌ಗಳಾಗಿದ್ದರು. ಪುಣೆ ಬಳಿಯ ತಳೇಗಾಂವ್‌ನಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಹೊಸ ಕಾರ್ಖಾನೆ ಶುರುವಾಗಿತ್ತು. ಡೆಟ್ರಾಯಿಟ್‌ನಲ್ಲಿ ನಗದು ಮುಗಿದರೆ ಮೊದಲು ನಿಲ್ಲುವುದು ಹೊಸ ಹೂಡಿಕೆ, ಹೊಸ ನೇಮಕ. ಡಿಸೆಂಬರ್ 2ರ ಯೋಜನೆಯನ್ನು ಅವರೂ ಕಾಯುತ್ತಿದ್ದಿರಬೇಕು.

ಆ ಯೋಜನೆ ಬಂದಾಗ ಹುಡುಕಬೇಕಾಗಿದ್ದದ್ದು ವಿಮಾನಗಳ ಸಂಖ್ಯೆಯನ್ನಲ್ಲ. ಎಷ್ಟು ಬ್ರಾಂಡ್ ಬಿಡುತ್ತಾರೆ, ಸಾಲ ಕೊಟ್ಟವರು ಎಷ್ಟು ಬಿಟ್ಟುಕೊಡುತ್ತಾರೆ, ಎಷ್ಟು ಕಾರ್ಖಾನೆ ಮುಚ್ಚುತ್ತವೆ, ನಿವೃತ್ತರಿಗೆ ಕೊಟ್ಟ ಮಾತು ಏನಾಗುತ್ತದೆ, ಇವನ್ನು. ಕೊನೆಯದರ ಒಂದು ಭಾಗ ಆಗಲೇ ತೀರ್ಮಾನವಾಗಿತ್ತು. ಜುಲೈನಲ್ಲಿ 1,500 ಕೋಟಿ ಡಾಲರ್ ಹೊಂದಿಸುವ ಯೋಜನೆ ಪ್ರಕಟಿಸಿದಾಗ ಜಿಎಂ ಇನ್ನೊಂದು ವಿಷಯವನ್ನೂ ಹೇಳಿತ್ತು. ಕಚೇರಿ ಕೆಲಸದಿಂದ ನಿವೃತ್ತರಾಗಿ 65 ದಾಟಿದವರಿಗೆ ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ನಿಲ್ಲುತ್ತದೆ, ಬದಲಿಗೆ ಪಿಂಚಣಿಗೆ ತಿಂಗಳಿಗೆ 300 ಡಾಲರ್ ಸೇರುತ್ತದೆ. ಅದು ಜಾರಿಗೆ ಬರಬೇಕಿದ್ದದ್ದು 2009ರ ಜನವರಿ 1ಕ್ಕೆ. ಟೈಗರ್ ವುಡ್ಸ್ ಒಪ್ಪಂದ ಮುಗಿಯಬೇಕಿದ್ದದ್ದು ಅದರ ಹಿಂದಿನ ರಾತ್ರಿ.